ಮಹಾದ್ವಾರಕ್ಕೆ ಮುನ್ನ ಒಂದು ರಾತ್ರಿದೀಪ

ಶಾಲೆಯೊಂದು ಐವತ್ತು ವರ್ಷಗಳನ್ನು ಪೂರೈಸುವುದು ಸಾಮಾನ್ಯ ಸಂಗತಿಯಲ್ಲ. ಅದರಲ್ಲಿಯೂ ಆಡಳಿತದ ಭಾಷೆ ಬೇರೆ, ಪೇಟೆಯ ಭಾಷೆ ಬೇರೆ, ಬಸ್ಸಿನ ಫಲಕದ ಭಾಷೆ ಬೇರೆಯಾಗಿರುವ ಗಡಿನಾಡಿನಲ್ಲಿ ಕನ್ನಡದ ಶಾಲೆಯೊಂದು ಅರ್ಧ ಶತಮಾನ ಬಾಳಿದೆಯೆಂದರೆ, ಅದರ ಹಿಂದೆ ಎಷ್ಟು ಗುರುಗಳ ತಾಳ್ಮೆ, ಎಷ್ಟು ಮನೆಗಳ ಹಟ ದುಡಿದಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಶುಭ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿ ಶಾಲೆಗೆ ಶಾಶ್ವತವಾದ ಕಾಣಿಕೆಯೊಂದನ್ನು ಅರ್ಪಿಸಬೇಕೆಂದು ಬಯಸುವುದು ಸಹಜವೇ. ಸುವರ್ಣ ಮಹೋತ್ಸವಗಳಲ್ಲಿ ಆ ಕಾಣಿಕೆ ಸಾಮಾನ್ಯವಾಗಿ ಮಹಾದ್ವಾರವಾಗಿರುತ್ತದೆ. ಇಲ್ಲವೆ ದಾನಿಗಳ ಹೆಸರು ಕೆತ್ತಿಸಿದ ಶಿಲಾಫಲಕವಾಗಿರುತ್ತದೆ. ಮಹಾದ್ವಾರದ ಬಗ್ಗೆ ನನಗೆ ವಿರೋಧವಿಲ್ಲ. ಆದರೆ ಅದಕ್ಕೂ ಮುನ್ನ ನಮ್ಮ ಶಾಲೆಗೆ ಬೇಕಾದದ್ದು ಒಂದು ಕೈಗೆಲಸದ ಕೋಣೆ. ಅಲ್ಲಿ ಪ್ರತಿಯೊಂದು ಮಗುವೂ ಶಾಲೆ ಬಿಡುವ ಮೊದಲು ತನ್ನ ಕೈಯಾರೆ ಒಂದು ರಾತ್ರಿದೀಪವನ್ನು ಮಾಡಿ ಮನೆಗೆ ಒಯ್ಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಹುಡುಗಾಟದ ಸಲಹೆಯಂತೆ ಕಾಣಬಹುದು. ಆದ್ದರಿಂದ ಸ್ವಲ್ಪ ವಿವರವಾಗಿ ನಿವೇದಿಸಿಕೊಳ್ಳುತ್ತೇನೆ.

ನಾನು ಹೇಳುವ ದೀಪ ದೊಡ್ಡ ವಸ್ತುವೇನಲ್ಲ. ಅಂಗೈಯಗಲದ ಒಂದು ಮರದ ಪೀಠ. ಅದರ ನಡುವೆ ಉದ್ದಕ್ಕೆ ತೋಡಿದ ಒಂದು ಸಣ್ಣ ಕಾಲುವೆ. ಆ ಕಾಲುವೆಯಲ್ಲಿ ನೆಟ್ಟಗೆ ನಿಲ್ಲಿಸಿದ, ನೋಟುಪುಸ್ತಕದಷ್ಟು ಅಗಲದ ಗಾಜಿನ ತುಂಡು. ಗಾಜಿನ ಕೆಳಅಂಚಿಗೆ ತಾಗುವಂತೆ ಪೀಠದೊಳಗೆ ಪುಟ್ಟ ಎಲ್‌ಇಡಿ ದೀಪಗಳ ಒಂದು ಪಟ್ಟಿ. ಗಾಜಿನ ಮೇಲೆ ಲೇಸರ್ ಯಂತ್ರದಿಂದ ಕೊರೆಸಿದ ಒಂದು ಚಿತ್ರ ಅಥವಾ ಒಂದು ಹೆಸರು. ಮೊಬೈಲಿನ ಚಾರ್ಜರಿಗೆ ಸಿಕ್ಕಿಸಿದರೆ ಕತ್ತಲ ಕೋಣೆಯಲ್ಲಿ ಆ ಹೆಸರು ಮಾತ್ರ ಬೆಳಗುತ್ತದೆ. ಬಿಡುವಿನ ದಿನಗಳಲ್ಲಿ ನೆರೆಯ ಬಡಿಗರೊಬ್ಬರ ಜೊತೆ ಕುಳಿತು ಇಂಥ ಕೆಲವು ದೀಪಗಳನ್ನು ನಾನು ಮಾಡಿದ್ದೇನೆ. ಆ ಅನುಭವದ ಬಲದಿಂದಲೇ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಈ ದೀಪದೊಳಗೆ ಅಡಗಿರುವ ಪಾಠವನ್ನು ಗಮನಿಸೋಣ. ಅಂಚಿನಿಂದ ಗಾಜಿನೊಳಗೆ ಹೊಕ್ಕ ಬೆಳಕು ಸುಲಭವಾಗಿ ಹೊರಗೆ ಬರಲಾರದು. ಗಾಜಿನ ಮೈಗೆ ಎಳೆದ ಲಂಬರೇಖೆಯಿಂದ ಸುಮಾರು 42 ಡಿಗ್ರಿಗಿಂತ ಹೆಚ್ಚು ಬಾಗಿ ಬಂದ ಕಿರಣವು ಅಲ್ಲಿಂದ ಒಳಕ್ಕೇ ಹಿಂದಿರುಗುತ್ತದೆ. ಸಂಪೂರ್ಣ ಆಂತರಿಕ ಪ್ರತಿಫಲನ ಎಂದು ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದು ಇದನ್ನೇ. ನುಣುಪಾದ ಗಾಜಿನ ತುಂಬ ಬೆಳಕು ಓಡಾಡುತ್ತಿದ್ದರೂ ನಮ್ಮ ಕಣ್ಣಿಗೆ ಅದು ಬರಿಯ ಗಾಜಾಗಿಯೇ ಕಾಣುತ್ತದೆ. ಎಲ್ಲಿ ಗೀರು ಬಿದ್ದಿದೆಯೋ ಅಲ್ಲಿ ಮಾತ್ರ ಕಿರಣಗಳು ಚದುರಿ ಹೊರಬೀಳುತ್ತವೆ, ಅಕ್ಷರ ಹೊಳೆಯುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆತುಬಿಡುವ ಈ ನಿಯಮವನ್ನು, ತಾನೇ ಮಾಡಿದ ದೀಪದಲ್ಲಿ ಕಂಡ ಮಗು ಆಯುಷ್ಯವಿಡೀ ಮರೆಯಲಾರದು.

ಕೊರೆಯುವ ಯಂತ್ರದ ಕಥೆಯೂ ಸ್ವಾರಸ್ಯಕರವಾದದ್ದು. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳನ್ನು ಬಳಸಿ ಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದರು. ಇಂದು ಪಾರಿತೋಷಕ, ನಾಮಫಲಕಗಳನ್ನು ಕೊರೆಯುವ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಂಗಾಲದ ಡೈಆಕ್ಸೈಡ್ ಅನಿಲದ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್. ಈ ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದರ ತರಂಗದೂರ 10.6 ಮೈಕ್ರಾನ್. ಹಗಲ ಬೆಳಕನ್ನು ಸರಾಗವಾಗಿ ಒಳಬಿಡುವ ಕಿಟಕಿಯ ಗಾಜು ಈ ಕಿರಣವನ್ನು ಮಾತ್ರ ಹೀರಿಕೊಳ್ಳುತ್ತದೆ. ಆಗ ಗಾಜಿನ ಮೇಲ್ಮೈ ಕ್ಷಣಮಾತ್ರದಲ್ಲಿ ಕಾದು, ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಬಿರುಕುಗಳು ಮೂಡಿ, ಮಂಜು ಕವಿದಂತೆ ಬೆಳ್ಳಗಾಗುತ್ತದೆ. ನಮ್ಮ ಸೀಮೆಯಂಥದೇ ಒಂದು ಊರಿನಲ್ಲಿ ಹುಟ್ಟಿದ ಹುಡುಗನ ಬುದ್ಧಿ ಈ ಯಂತ್ರದ ಹಿಂದಿದೆಯೆಂದು ನಮ್ಮ ಮಕ್ಕಳಿಗೆ ತಿಳಿಯುವುದು ಒಳ್ಳೆಯದಲ್ಲವೆ?

ಉಪಯೋಗದ ದೃಷ್ಟಿಯಿಂದಲೂ ಇದು ಹಗುರವಾದ ಮಾತಲ್ಲ. ನಮ್ಮ ಮನೆಗಳಲ್ಲಿ ಬಹುಕಾಲ ಉರಿದ 'ಝೀರೋ ಬಲ್ಬು' ಹೆಸರಿಗೆ ಮಾತ್ರ ಸೊನ್ನೆ. ಅದು ಸುಮಾರು 15 ವಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ರಾತ್ರಿಗೆ 10 ಗಂಟೆಯಂತೆ ವರ್ಷವಿಡೀ ಉರಿಸಿದರೆ ಸುಮಾರು 55 ಯೂನಿಟ್. ಒಂದು ವಾಟಿನ ಎಲ್‌ಇಡಿ ಪಟ್ಟಿಗೆ ಅಷ್ಟೇ ಅವಧಿಗೆ ಬೇಕಾಗುವುದು ನಾಲ್ಕು ಯೂನಿಟ್ಟಿಗೂ ಕಡಿಮೆ. ಬಣ್ಣವನ್ನು ಆರಿಸುವಾಗ ಮಾತ್ರ ಹಣತೆಯ ಬೆಳಕಿನಂಥ ಹಳದಿಯನ್ನೇ ಆರಿಸಬೇಕು. ನೀಲಿ ಬೆರೆತ ಬಿಳಿಯ ಬೆಳಕು ನಿದ್ರೆಗೆ ಸಹಾಯಕವಾದ ಮೆಲಟೋನಿನ್ ಎಂಬ ರಸವನ್ನು ಕುಗ್ಗಿಸುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ.

ಇಷ್ಟಾದರೂ ವಿಜ್ಞಾನ ಮತ್ತು ಉಳಿತಾಯಗಳಿಗಾಗಿಯೇ ನಾನು ಈ ದೀಪವನ್ನು ಎತ್ತಿ ಹಿಡಿಯುತ್ತಿಲ್ಲ. ನನ್ನ ಮುಖ್ಯ ಕಾರಣ ಗಾಜಿನ ಮೇಲೆ ಮೂಡುವ ಹೆಸರು.

ನಮ್ಮದು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನಾಡು. ತೆಲುಗರು ಇದನ್ನು ನಡಿಗಡ್ಡ ಎನ್ನುತ್ತಾರೆ. ನಮ್ಮ ನಡುಗಡ್ಡೆಯೂ ಅದೇ ಪದ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು; ಈ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಗದ್ವಾಲ ತಾನೇ ಜಿಲ್ಲಾ ಕೇಂದ್ರವಾಯಿತು. 2019ರಲ್ಲಿ ನಾರಾಯಣಪೇಟೆಯೂ ಜಿಲ್ಲೆಯಾಯಿತು. ಹೀಗೆ ಗೆರೆಗಳು ಬದಲಾದಂತೆಲ್ಲ ನಮ್ಮ ಮಕ್ಕಳ ಹೆಸರು ಬರೆಯುವ ಲಿಪಿಯೂ ಬದಲಾಯಿತು. ಪಡಿತರ ಚೀಟಿಯಲ್ಲಿ ಆ ಹೆಸರು ತೆಲುಗಿನಲ್ಲಿದೆ; ಅಂಕಪಟ್ಟಿಯಲ್ಲಿ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಅದು ಉಳಿದಿರುವುದು ಪಾಟಿಯ ಮೇಲೆ ಮತ್ತು ಅಭ್ಯಾಸಪುಸ್ತಕದ ರಟ್ಟಿನ ಮೇಲೆ. ವರ್ಷ ಮುಗಿದೊಡನೆ ಪುಸ್ತಕ ರದ್ದಿಗೆ ಹೋಗುತ್ತದೆ. ಮನೆಯೊಳಗೆ ಕನ್ನಡದಲ್ಲಿ ಬರೆದ ಒಂದೇ ಒಂದು ವಸ್ತುವಿಲ್ಲದೆ ಬೆಳೆಯುವ ಮಕ್ಕಳು ಇಂದು ಗಡಿಯಲ್ಲಿ ಎಷ್ಟೋ ಮಂದಿ ಇದ್ದಾರೆ. ಮಲಗುವ ಮುನ್ನ ಕೊನೆಯದಾಗಿ ಕಣ್ಣಿಗೆ ಬೀಳುವ ಅಕ್ಷರ ತಾನೇ ಬರೆದ ಕನ್ನಡ ಅಕ್ಷರವಾಗಿದ್ದರೆ ಅದರ ಪರಿಣಾಮ ಭಾಷಣಗಳಿಗಿಂತ ಆಳವಾದದ್ದೆಂದು ನಾನು ನಂಬಿದ್ದೇನೆ.

'ತಾನೇ ಬರೆದ' ಎಂಬ ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಅಂಗಡಿಯ ಗಣಕಯಂತ್ರದಲ್ಲಿ ಸಿದ್ಧ ಅಕ್ಷರಗಳು ಇದ್ದೇ ಇರುತ್ತವೆ. ಆದರೆ ಕೃಷ್ಣವೇಣಿ ಎಂಬ ಹೆಸರನ್ನು ಅಲ್ಲಿ ಒಮ್ಮೆ ಬೆರಳಚ್ಚು ಮಾಡಿಸಿದಾಗ ಷಕಾರ ಒಂದು ಕಡೆ, ಣಕಾರ ಒಂದು ಕಡೆ ಬಿದ್ದು, ನಡುವೆ ಅರ್ಧಚಂದ್ರದ ಗುರುತು ಅನಾಥವಾಗಿ ನಿಂತುದನ್ನು ನಾನು ಕಂಡೆ. ಚಿತ್ರ ರಚಿಸುವ ಕೆಲವು ತಂತ್ರಾಂಶಗಳಿಗೆ ನಮ್ಮ ಒತ್ತಕ್ಷರಗಳನ್ನು ಜೋಡಿಸುವ ಜ್ಞಾನವಿಲ್ಲ. ಇನ್ನೊಂದು ತೊಡಕೂ ಉಂಟು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಮುದ್ರಣದ ಕಾಲದಲ್ಲಿ ಎರಡರ ರೂಪಗಳೂ ಬೇರೆಬೇರೆಯಾಗಿ ಸ್ಥಿರಗೊಂಡವು. ಕನ್ನಡದ ತಲೆಕಟ್ಟು ಅಡ್ಡಗೆರೆಯಾಗಿ ಸಾಗಿ ತುದಿಯಲ್ಲಿ ಬಾಗುತ್ತದೆ; ತೆಲುಗಿನದು ಗುರುಗಳು ಲೆಕ್ಕಕ್ಕೆ ಹಾಕುವ 'ಸರಿ' ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಎರಡೂ ಲಿಪಿಗಳನ್ನು ದಿನವೂ ಕಾಣುವ ನಮ್ಮ ಮಕ್ಕಳು ಈ ಭೇದವನ್ನು ಬೆರಳಿನಿಂದಲೇ ಅರಿಯಬೇಕು. ಆದ್ದರಿಂದ ಮಗು ತನ್ನ ಹೆಸರನ್ನು ದಪ್ಪ ಕಪ್ಪು ಶಾಯಿಯಲ್ಲಿ ಬಿಳಿಯ ಹಾಳೆಯ ಮೇಲೆ ದುಂಡಗೆ ಬರೆಯಲಿ, ಗುರುಗಳು ತಿದ್ದಲಿ, ಮತ್ತೆ ಬರೆಯಲಿ. ಆ ಹಾಳೆಯನ್ನೇ ಯಂತ್ರಕ್ಕೆ ಪಡಿಯಚ್ಚಾಗಿ ಕೊಟ್ಟರೆ ಒತ್ತಕ್ಷರ ಒಡೆಯುವ ಭಯವಿಲ್ಲ. ಒಮ್ಮೆ ಕೊರೆದ ಗಾಜನ್ನು ಅಳಿಸಿ ತಿದ್ದಲಾಗದೆಂಬ ಎಚ್ಚರ, ಕಾಪಿ ಬರೆಯುವ ಅಭ್ಯಾಸ ಕಲಿಸದ ಶಿಸ್ತನ್ನು ಕಲಿಸುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. "ಯಂತ್ರ ಕೊರೆದ ಮೇಲೆ ಅದು ಕೈಗೆಲಸ ಹೇಗಾದೀತು?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆಯೇ. ಇದಕ್ಕೆ ಉತ್ತರವನ್ನು ನಾನು ನಮ್ಮ ನೆರೆಯ ಆಲಂಪುರದಲ್ಲಿಯೇ ಕಾಣುತ್ತೇನೆ. ಬಾದಾಮಿ ಚಾಳುಕ್ಯರ ಕಾಲದ ನವಬ್ರಹ್ಮ ದೇವಾಲಯಗಳ ಆ ಕ್ಷೇತ್ರದಲ್ಲಿ ಕಲ್ಲನ್ನು ಕೊರೆದು ಬೆಳಕಿಗೆ ದಾರಿ ಮಾಡಿದ ಜಾಲಂಧ್ರಗಳಿವೆ. ಕಲ್ಯಾಣದ ಚಾಳುಕ್ಯರ ಕಾಲದ ಕನ್ನಡ ಶಾಸನಗಳೂ ಇವೆ. ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಗೊತ್ತು: ಶಾಸನವನ್ನು ಬರೆದವನ ಹೆಸರು ಒಂದಾಗಿ, ಅದನ್ನು ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಇನ್ನೊಂದಾಗಿ ಕೊನೆಯಲ್ಲಿ ಕಾಣಿಸುವುದು ಎಷ್ಟೋ ಕಡೆ ಉಂಟು. ಬರೆಯುವುದು ಒಂದು ಕೆಲಸ, ಕಂಡರಿಸುವುದು ಇನ್ನೊಂದು ಕೆಲಸ ಎಂದು ನಮ್ಮ ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಒಪ್ಪಿದ್ದರು. ನಮ್ಮ ದೀಪದಲ್ಲಿ ಲೇಸರ್ ಯಂತ್ರ ಕಂಡರಿಸುವವನ ಸ್ಥಾನದಲ್ಲಿ ನಿಂತಿದೆ. ಬರೆದವರ ಸ್ಥಾನ ಮಗುವಿನದೇ. ಗಾಜನ್ನು ಕೊರೆಯುವ ಹಳೆಯ ವಿಧಾನವೆಂದರೆ ಹೈಡ್ರೋಫ್ಲೋರಿಕ್ ಆಮ್ಲ. ಅದು ಚರ್ಮವನ್ನು ಹೊಕ್ಕು ಎಲುಬನ್ನೂ ತಿನ್ನುವಂಥ ವಿಷ. ಅದನ್ನು ಶಾಲೆಯ ಹೊಸ್ತಿಲೊಳಗೆ ತರುವಂತೆಯೇ ಇಲ್ಲ. ಕೈಗೆ ಅಪಾಯವಾದ ಒಂದು ಹಂತವನ್ನು ಯಂತ್ರಕ್ಕೆ ಬಿಟ್ಟು, ಉಳಿದ ಎಲ್ಲವನ್ನೂ ಕೈಗೆ ಉಳಿಸಿಕೊಳ್ಳುವುದು ವಿವೇಕವೆನಿಸುತ್ತದೆ. ಆದರೆ ಸಿದ್ಧ ಚಿತ್ರ, ಸಿದ್ಧ ಪೀಠ, ಸಿದ್ಧ ಅಕ್ಷರಗಳನ್ನು ತಂದು ಜೋಡಿಸಿ 'ಕೈಗೆಲಸ'ವೆಂದು ಹೆಸರಿಡುವುದಾದರೆ, ಆ ಹಿರಿಯರ ಪಕ್ಷಕ್ಕೆ ನಾನೂ ಸೇರುತ್ತೇನೆ.

ಇನ್ನು ಮರದ ಮಾತು. ಇದಕ್ಕೆ ತೇಗ, ಬೀಟೆಗಳು ಬೇಕಾಗಿಲ್ಲ. ನಮ್ಮ ಹೊಲದ ಬದುವಿನ ಬೇವು ಸಾಕು, ಅದಕ್ಕೆ ಹುಳು ಬೇಗ ಹತ್ತುವುದಿಲ್ಲ. ನುಣುಪು ಬೇಕೆಂದರೆ ಹಾಲೆ ಮರವಿದೆ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳನ್ನು ಮಾಡುವುದು ಆ ಮರದಿಂದಲೇ. ಆಂಧ್ರದ ಏಟಿಕೊಪ್ಪಾಕದ ಗೊಂಬೆಗಾರರೂ ಅದೇ ಮರವನ್ನು ಅಂಕುಡು ಎಂದು ಕರೆದು ಬಳಸುತ್ತಾರೆ. ಹೆಸರು ಎರಡು, ಮರ ಒಂದೇ. ಗಡಿನಾಡಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಹಲಗೆಯನ್ನು ಗರಗಸದಿಂದ ಕೊಯ್ಯುವುದು, ನಮ್ಮ ಕಡೆ ರಂದಾ ಎನ್ನುವ ಕೀಸುಳಿಯಿಂದ ಮಟ್ಟ ಮಾಡುವುದು, ಮೂಲೆಮಟ್ಟವಿಟ್ಟು ಗೆರೆ ಹಾಕುವುದು, ಉಳಿಯಿಂದ ಕಾಲುವೆ ತೋಡುವುದು, ಉಪ್ಪುಕಾಗದದಿಂದ ತಿಕ್ಕುವುದು, ಕೊನೆಗೆ ಅಗಸೆ ಎಣ್ಣೆ ಸವರುವುದು: ಇಷ್ಟು ಕೆಲಸ ಮಗುವಿನದು. ಐದು ಮಿಲಿಮೀಟರ್ ಗಾಜಿಗೆ ಕಾಲುವೆ ಐದೂವರೆ ಇರಬೇಕು. ಐದಾದರೆ ಗಾಜು ಇಳಿಯದು, ಏಳಾದರೆ ವಾಲುತ್ತದೆ. ದಶಮಾಂಶದ ಲೆಕ್ಕ ಜೀವ ತಳೆಯುವುದು ಇಂಥ ಕಡೆಯಲ್ಲಿ.

ಇಲ್ಲಿಯೇ ನಾವು ಬಾಯಿಬಿಟ್ಟು ಹೇಳದ ಒಂದು ವಿಷಯವಿದೆ. ಉಳಿ ಹಿಡಿಯುವುದು ಬಡಿಗರ ಮಕ್ಕಳ ಕೆಲಸ, ನಮ್ಮ ಮಗ ಓದಿ ಸಾಹೇಬನಾಗಬೇಕು ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಬಡಿಗರ ಮನೆಯ ಹುಡುಗನೂ ಉಳಿಯನ್ನು ಮರೆತರೆ ಮಾತ್ರ ತನಗೆ ಮರ್ಯಾದೆ ಎಂದು ಭಾವಿಸುತ್ತಾನೆ. ಅವನನ್ನು ದೂಷಿಸುವಂತಿಲ್ಲ, ಕಸುಬನ್ನು ಜಾತಿಗೆ ಕಟ್ಟಿಹಾಕಿ, ಅದನ್ನು ಕೀಳೆಂದು ಬಗೆದವರು ನಾವು. ಜಾತಿಯ ಕಸುಬಿಗೆ ಮಕ್ಕಳನ್ನು ಹಿಂದಕ್ಕೆ ತಳ್ಳುವ ಯಾವ ಯೋಜನೆಯನ್ನೂ ನಾನು ಬೆಂಬಲಿಸಲಾರೆ. ಆದರೆ ಶಾಲೆಯ ಮೇಜಿನ ಮುಂದೆ ಗೌಡರ ಮಗಳು, ನೇಕಾರರ ಮಗ, ವ್ಯಾಪಾರಿಯ ಮಗ, ಕೂಲಿಕಾರರ ಮಗಳು ಸರದಿಯಂತೆ ಒಂದೇ ರಂದಾ ಹಿಡಿದಾಗ ಕಸುಬು ಜಾತಿಯಿಂದ ಬಿಡುಗಡೆ ಹೊಂದುತ್ತದೆ. ಊರಿನ ಬಡಿಗರನ್ನು ಕೋಣೆಗೆ ಕರೆದು, ಗೌರವಧನ ಕೊಟ್ಟು, ಮಕ್ಕಳು ಅವರನ್ನು 'ಗುರುಗಳೇ' ಎಂದು ಕರೆದ ದಿನ ಶಾಲೆ ದೊಡ್ಡದೊಂದು ಪಾಠ ಹೇಳಿದಂತಾಗುತ್ತದೆ.

ಈ ವಿಚಾರ ಹೊಸದೇನಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕರೆದ ಶಿಕ್ಷಣ ಸಮ್ಮೇಳನವೂ, ಅನಂತರ ಜಾಕಿರ್ ಹುಸೇನರ ಸಮಿತಿಯೂ ಎರಡು ತತ್ತ್ವಗಳನ್ನು ಜೊತೆಯಾಗಿ ಮುಂದಿಟ್ಟವು: ಶಿಕ್ಷಣ ಮಾತೃಭಾಷೆಯಲ್ಲಿರಬೇಕು, ಅದು ಕೈಕಸುಬಿನ ಸುತ್ತ ಹೆಣೆದಿರಬೇಕು. ನಮ್ಮಂಥ ಶಾಲೆಗಳು ಮೊದಲನೆಯ ತತ್ತ್ವವನ್ನು ಕಷ್ಟಪಟ್ಟು ಉಳಿಸಿಕೊಂಡವು, ಎರಡನೆಯದು ಎಲ್ಲೆಡೆಯೂ ಜಾರಿಹೋಯಿತು. 1964-66ರ ಕೊಠಾರಿ ಆಯೋಗ ಅದನ್ನು ಕಾರ್ಯಾನುಭವವೆಂದು ಕರೆಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದಿತು. ಹೆಸರು ಉದ್ದವಾದಂತೆ ಕೆಲಸ ಗಿಡ್ಡವಾಗಿ, ಅಂಕಪಟ್ಟಿಯ ಒಂದು ಅಂಕಣದಲ್ಲಿ ಹೋಗಿ ಅಡಗಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಿಗ, ಕುಂಬಾರ, ತೋಟಗಾರ, ಕಲಾವಿದರಂಥ ಸ್ಥಳೀಯ ಕುಶಲಿಗಳ ಬಳಿ ಕಲಿಯಬೇಕೆಂದು ಹೇಳಿದೆ. ನಾನು ಕೇಳುತ್ತಿರುವುದು ಆ ಹತ್ತು ದಿನಗಳನ್ನು ಮಾತ್ರ. ಒಂದು ದೀಪಕ್ಕೆ ಹತ್ತು ದಿನ ಧಾರಾಳವಾಗಿ ಸಾಕು. ಪರೀಕ್ಷೆಯ ಓದಿಗೆ ಇದರಿಂದ ಕುಂದು ಬಾರದು.

ಅಪಾಯದ ಮಾತನ್ನೂ ಮರೆಮಾಚಬಾರದು. ಉಳಿಯ ಕೆಲಸ ಆರನೆಯ ತರಗತಿಯ ಮೇಲಿನವರಿಗೆ ಮಾತ್ರ, ಹಿರಿಯರ ಕಣ್ಣೆದುರಿನಲ್ಲಿ ಮಾತ್ರ ನಡೆಯಬೇಕು. ಗಾಜನ್ನು ಅಂಗಡಿಯಲ್ಲಿಯೇ ಕೊಯ್ಯಿಸಿ, ಅಂಚು ಉಜ್ಜಿಸಿ ತರಬೇಕು. ಬಿಸಿಯೇರಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜು ಕೊರೆಯುವಾಗ ಸಿಡಿಯಬಹುದು. ಸಾಧಾರಣ ಕಿಟಕಿಯ ಗಾಜೇ ಒಳ್ಳೆಯದು. ಕೊರೆಯುವಾಗ ಗಾಜಿನ ಮೇಲೆ ಒದ್ದೆ ಕಾಗದ ಅಂಟಿಸಿದರೆ ಶಾಖ ಹರಡಿ ಚಕ್ಕೆ ಏಳುವುದು ಕಡಿಮೆ. ಗಾಜಿನ ಬೆನ್ನ ಬದಿಗೆ, ಕನ್ನಡಿಯಲ್ಲಿ ಕಾಣುವಂತೆ ತಿರುವಿ ಕೊರೆಸಿದರೆ ಮುಂಭಾಗ ನುಣುಪಾಗಿ ಉಳಿಯುತ್ತದೆ. ಲೇಸರ್ ಯಂತ್ರದ ಮುಚ್ಚಳ ತೆರೆದು ನೋಡುವ ಆಸೆಯನ್ನು ದೊಡ್ಡವರೂ ಬಿಡಬೇಕು. ಕಾಣದ ಕಿರಣ ಕಣ್ಣಿಗೆ ಹಾನಿ ಮಾಡುತ್ತದೆ. ಚಾರ್ಜರಿನಿಂದ ದೀಪಕ್ಕೆ ಬರುವುದು ಐದು ವೋಲ್ಟ್. ಅಷ್ಟರಿಂದ ಮಗುವಿಗೆ ವಿದ್ಯುದಾಘಾತದ ಭಯವಿಲ್ಲ.

"ಇಂಥ ದೀಪಗಳು ಪೇಟೆಯಲ್ಲಿ ಅಗ್ಗವಾಗಿ ಸಿಗುವಾಗ ಇಷ್ಟು ಶ್ರಮವೇಕೆ?" ಎನ್ನುವವರೂ ಇದ್ದಾರೆ. ಸಿಗುತ್ತವೆ, ನಿಜ. ಅಂಗಡಿಯಲ್ಲಿ ರೊಟ್ಟಿಯೂ ಸಿಗುತ್ತದೆ. ಆದರೂ ರೊಟ್ಟಿ ತಟ್ಟಲು ಬಾರದ ಮನೆಯನ್ನು ನಾವು ಸುಖವಾದ ಮನೆಯೆಂದು ಕರೆಯುವುದಿಲ್ಲ. ಕೊಂಡ ದೀಪ ಕೆಟ್ಟರೆ ಕಸದ ಬುಟ್ಟಿಗೆ ಹೋಗುತ್ತದೆ. ಮಾಡಿದ ದೀಪ ಕೆಟ್ಟರೆ ಮಗು ಪೀಠವನ್ನು ತಿರುವಿ, ತಂತಿ ಎಲ್ಲಿ ಬಿಟ್ಟಿದೆಯೆಂದು ಹುಡುಕುತ್ತದೆ. ಈ ಹುಡುಕುವ ಬುದ್ಧಿ ಬೆಳೆದವರು ಮುಂದೆ ಪಂಪುಸೆಟ್ಟನ್ನೂ ಬಿಚ್ಚಬಲ್ಲರು. ಹೈದರಾಬಾದಿನಲ್ಲಿ 2023ರಲ್ಲಿ ಉದ್ಘಾಟನೆಗೊಂಡ ಟಿ-ವರ್ಕ್ಸ್‌ನಂಥ ದೊಡ್ಡ ಕಾರ್ಯಾಗಾರದ ಬಾಗಿಲನ್ನೂ ಹಿಂಜರಿಯದೆ ತಟ್ಟಬಲ್ಲರು. ಕನ್ನಡ ಶಾಲೆಗೆ ಹೋದವರು ಹಿಂದುಳಿಯುತ್ತಾರೆಂಬ ಮಾತಿಗೆ ಕನ್ನಡದ ಪೋಷಕರೇ ಹೆದರಿ ಮಕ್ಕಳನ್ನು ಬೇರೆಡೆಗೆ ಕಳುಹಿಸುತ್ತಿರುವ ಈ ದಿನಗಳಲ್ಲಿ, ಬೇರೆ ಶಾಲೆಗಳಲ್ಲಿ ದೊರೆಯದ ಒಂದು ಕಲಿಕೆ ನಮ್ಮಲ್ಲಿ ಸಿಗುತ್ತದೆಂದು ತೋರಿಸುವುದು ಶಾಲೆಯ ಉಳಿವಿನ ಪ್ರಶ್ನೆಯೂ ಹೌದು. ಮಕ್ಕಳಿಲ್ಲದ ಶಾಲೆಗೆ ಎಷ್ಟು ಎತ್ತರದ ಮಹಾದ್ವಾರವಿದ್ದರೇನು?

ಖರ್ಚಿನ ವಿಷಯದಲ್ಲಿ ನನ್ನ ಸೂಚನೆ ಸರಳವಾದದ್ದು. ಲೇಸರ್ ಯಂತ್ರವನ್ನು ಶಾಲೆ ಕೊಳ್ಳಬೇಕಾಗಿಲ್ಲ. ಗಾಜುಗಳನ್ನು ಒಟ್ಟಾಗಿ ಕಟ್ಟಿಕೊಂಡು ಕರ್ನೂಲಿಗೋ ರಾಯಚೂರಿಗೋ ಹೋಗಿ ಒಂದೇ ದಿನದಲ್ಲಿ ಕೊರೆಸಿ ತರಬಹುದು. ಶಾಲೆಗೆ ಬೇಕಾದದ್ದು ಗಟ್ಟಿಯಾದ ಎರಡು ಮೇಜು, ಮರವನ್ನು ಕಚ್ಚಿ ಹಿಡಿಯುವ ನಾಲ್ಕು ಶಿಕಂಜೆ, ಆರು ಗರಗಸ, ಆರು ರಂದಾ, ಒಂದು ಡಜನ್ ಉಳಿ, ಬೀಗವಿರುವ ಒಂದು ಕಪಾಟು. ವರ್ಷಕ್ಕೊಮ್ಮೆ ಹಲಗೆ, ಗಾಜು, ಎಲ್‌ಇಡಿ ಪಟ್ಟಿ. ಸುವರ್ಣ ಮಹೋತ್ಸವದ ನಿಧಿಯಿಂದ ಮೊದಲು ಇದನ್ನು ತೆಗೆದಿಟ್ಟು, ಉಳಿದ ಹಣದಲ್ಲಿ ದ್ವಾರವನ್ನು ಯೋಚಿಸೋಣ. ದಾನಿಗಳ ಫಲಕ ಬೇಕೇ ಬೇಕೆಂದಾದರೆ, ಅದನ್ನೂ ಮಕ್ಕಳೇ ಮರದಲ್ಲಿ ಮಾಡಿ ಕೋಣೆಯ ಬಾಗಿಲಿಗೆ ತೂಗುಹಾಕಲಿ.

ಇದು ನನ್ನ ವೈಯಕ್ತಿಕ ಅಭಿಪ್ರಾಯ. ಮಹೋತ್ಸವ ಸಮಿತಿಯ ಹಿರಿಯರು, ಗುರುವೃಂದದವರು ಮತ್ತು ಹಳೆಯ ವಿದ್ಯಾರ್ಥಿ ಬಂಧುಗಳು ಇದನ್ನು ವಿಮರ್ಶಿಸಿ, ಒಪ್ಪಿಗೆಯಾದರೆ ಮುಂಬರುವ ಬೇಸಿಗೆ ರಜೆಯೊಳಗಾಗಿ ಕೋಣೆಯನ್ನು ಸಿದ್ಧಗೊಳಿಸಬೇಕೆಂದು ವಿನಂತಿಸುತ್ತೇನೆ. ಮೊದಲ ವರ್ಷದ ಮಕ್ಕಳಿಗೆ ಬೇಕಾಗುವ ಬೇವಿನ ಹಲಗೆಗಳನ್ನು ನನ್ನ ಹೊಲದ ಮರದಿಂದ ಕೊಯ್ಯಿಸಿ, ಒಣಗಿಸಿ ಕೊಡಲು ನಾನು ಸಿದ್ಧನಿದ್ದೇನೆ. ಹಸಿಯ ಹಲಗೆ ಒಣಗಲು ತಿಂಗಳುಗಳೇ ಬೇಕಾಗುವುದರಿಂದ, ನಿರ್ಧಾರವನ್ನು ಬೇಗನೆ ತಿಳಿಸಿದರೆ ಉಪಕಾರವಾಗುತ್ತದೆ.